ನಡುಗೆರೆಯ ಈಚೆ

ಸೀಟಿ ಊದಿದಾಗ ಚಂದ್ರಭಾಗಾ ಚೆಂಡನ್ನು ಎದೆಗವಚಿಕೊಂಡು ಮೈದಾನದ ನಡುಗೆರೆಯ ಈಚೆಗೇ ನಿಂತಿದ್ದಳು.

"ಆಯಿ, ಯಾಕ ನಿಂತಿ?" ಎದುರು ತಂಡದಲ್ಲಿದ್ದ ಮೊಮ್ಮಗಳು ಮೇಘಾ ನಕ್ಕಳು. "ಎಂಟು ಸೆಕೆಂಡಿನಾಗ ಗೆರಿ ದಾಟಬೇಕು. ಇಲ್ಲಾಂದ್ರ ಚೆಂಡು ನಮಗ!"

"ದಾಟಿದ್ರ ತಪ್ಪಲ್ಲೇನ?"

"ದಾಟಲಿಲ್ಲಂದ್ರ ತಪ್ಪು!"

ಬೀದರಿನ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಅಂದು ಹಳೆಯ ವಿದ್ಯಾರ್ಥಿನಿಯರಿಗೂ ಈಗಿನವರಿಗೂ ಬಾಸ್ಕೆಟ್‌ಬಾಲ್ ಪಂದ್ಯ. ಅರವತ್ತು ದಾಟಿದ ಚಂದ್ರಭಾಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಘಾಳ ಕರಿ ಬೂಟು ತೊಟ್ಟು ಭಾಲ್ಕಿಯಿಂದ ಬಂದದ್ದು ಒಂದೇ ಆಸೆಗೆ. ಬೇವಿನ ನೆರಳಲ್ಲಿ ಕುರ್ಚಿಯ ಮೇಲೆ ಕೂತ ಅಕ್ತರಬೀ ಟೀಚರ್ ನೋಡುತ್ತಿರುವಾಗ, ಒಮ್ಮೆಯಾದರೂ ಚೆಂಡನ್ನು ಬುಟ್ಟಿಗೆ ಹಾಕಬೇಕು.

ಟೀಚರ್ ಕಲಿಸಿದ ಆಟವೇ ಬೇರೆ ಇತ್ತು. ತಂಡಕ್ಕೆ ಆರು ಹುಡುಗಿಯರು. ಮೂವರು ಗೆರೆಯ ಈಚೆ ನಿಂತು ತಮ್ಮ ಬುಟ್ಟಿ ಕಾಯಬೇಕು, ಮೂವರು ಆಚೆ ನಿಂತು ಚೆಂಡು ಹಾಕಬೇಕು. ಯಾರೂ ಗೆರೆ ದಾಟುವಂತಿಲ್ಲ. ಚಂದ್ರಭಾಗಾ ಕಾಯುವವಳು. ಆಚೆಯ ಬುಟ್ಟಿಯನ್ನು ಅವಳು ದೂರದಿಂದಲೇ ನೋಡಿದವಳು. ಬೇರೆ ಊರುಗಳಲ್ಲಿ ಆಗಲೇ ಹುಡುಗಿಯರು ಇಡೀ ಮೈದಾನ ಓಡುತ್ತಿದ್ದರೆಂದು ಆಮೇಲೆ ತಿಳಿದಾಗ, ಪಾಪ, ಟೀಚರಿಗೆ ಹೊಸ ನಿಯಮ ಗೊತ್ತಿರಲಿಲ್ಲ ಎಂದುಕೊಂಡಿದ್ದಳು.

ಅಪ್ಪ ಧೊಂಡಿಬಾ ಎಕಂಬಾದಿಂದ ಬಂದ ದಿನ ಅವಳಿಗೆ ಇನ್ನೂ ನೆನಪಿದೆ. ಕುರಿ ಕಾಯಲು ಅವಳನ್ನು ಹಾಸ್ಟೆಲಿನಿಂದ ಬಿಡಿಸಿಕೊಂಡು ಹೋಗಬೇಕೆಂದಿದ್ದ.

"ದೊಡ್ಡಾಕಿ ಆಗ್ಯಾಳ್ರಿ. ಮಂದಿ ಮುಂದ ಹಿಂಗ ಓಡಾಡ್ಕೋತ ಇರ್ತಾಳೇನ್ರಿ?"

"ಎಲ್ಲಿ ಓಡ್ತಾಳ್ರಿ? ಈ ಗೆರಿ ನೋಡ್ರಿ. ನಿಮ್ಮ ಮಗಳು ಇದರಾಚೆ ಕಾಲಿಡೂದಿಲ್ಲ. ಅದಕ್ಕ ನಾ ಜಿಮ್ಮೇದಾರ್," ಎಂದಿದ್ದರು ಟೀಚರ್.

ಅಪ್ಪ ಆ ಸುಣ್ಣದ ಗೆರೆಯನ್ನು ಬಹಳ ಹೊತ್ತು ನೋಡಿದ್ದ. ಕಡೆಗೆ ಒಬ್ಬನೇ ಬಸ್ ಹತ್ತಿದ್ದ. ಅವಳು ಓದಿದಳು, ನರ್ಸ್ ಆದಳು. ಭಾಲ್ಕಿಯ ಎಷ್ಟೋ ಕೂಸುಗಳು ಮೊದಲು ಕಣ್ಣು ಬಿಟ್ಟದ್ದು ಅವಳ ಕೈಯಲ್ಲಿ.

ಮತ್ತೆ ಚೆಂಡು ಬಂತು. ಗೆರೆಯ ತನಕ ಓಡಿದಳು. ಕಾಲು ಮತ್ತೆ ತಾನಾಗಿಯೇ ನಿಂತಿತು.

"ಚಂದೂ!" ಟೀಚರ್ ಕೋಲೂರಿ ಎದ್ದು ನಿಂತಿದ್ದರು. "ಆ ಗೆರಿ ಆಟದ್ದಲ್ಲ ಬೇಟಾ, ನಿಮ್ಮಪ್ಪನ ಸಲುವಾಗಿ ಹಾಕಿದ್ದೆ! ಅವರೇ ಹೋಗಿಬಿಟ್ರು, ಇನ್ನ ಯಾರಿಗಂಜ್ತಿ? ದಾಟು!"

ಚಂದ್ರಭಾಗಾ ಅವರನ್ನೇ ನೋಡಿದಳು. ಕಣ್ಣು ಮಂಜಾಯಿತು. ಗೆರೆಯ ಮೇಲೆ ಕಾಲೂರಿ ಆಚೆ ಹೋದಳು. ಹುಡುಗಿಯರು ಯಾರೂ ಅಡ್ಡ ಬರಲಿಲ್ಲ. ಅವಳೆಸೆದ ಚೆಂಡು ಕಬ್ಬಿಣದ ಬಳೆಗೆ ಬಡಿದು, ಅಲ್ಲೇ ಒಂದು ಸುತ್ತು ಹಾಕಿ, ಹೊರಗೆ ಬಿತ್ತು.

"ಹಾಕೂದು ನಿನಗ ಎಲ್ಲಿ ಕಲಿಸೇನಿ ನಾ!" ಎಂದು ಟೀಚರ್ ನಕ್ಕು ನಕ್ಕು ಕುರ್ಚಿಗೆ ಕುಸಿದರು. ಚಂದ್ರಭಾಗಾ ಹೋಗಿ ಅವರ ಕಾಲ ಬಳಿ ಕೂತು, ಎರಡೂ ಕೈ ಹಿಡಿದುಕೊಂಡಳು.

ಸಂಜೆ ಭಾಲ್ಕಿ ಬಸ್ಸಿನಲ್ಲಿ ಮೇಘಾ, "ನನ್ನ ಬೂಟಿಗೆಲ್ಲಾ ಸುಣ್ಣ ಬಳಕೊಂಡಿಯಲ್ಲ ಆಯಿ, ತಾ ಒರಸ್ತೇನಿ" ಎನ್ನುತ್ತ ಬಗ್ಗಿದಳು.

ಚಂದ್ರಭಾಗಾ ಮೆಲ್ಲಗೆ ಕಾಲನ್ನು ಸೀಟಿನಡಿ ಎಳೆದುಕೊಂಡಳು.