ಐದನೇ ಮೂಳೆಯೊಳಗಿನ ತಿರುವು

ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿದೆ, ಆಪರೇಷನ್ನಿಗೆ ಮುನ್ನ ಡಾಕ್ಟರ್ ರೂಪಾಲಿ ಇನ್ನೊಂದು ನಿಮಿಷ ಕೈ ತಿಕ್ಕಬೇಕು, ಸಾಬೂನಿನ ನೊರೆಯಲ್ಲಿ ಬೆರಳು ಬೆರಳಿಗೆ ಸಿಗದೆ ಜಾರುತ್ತದೆ, ಕೆಂಚವ್ವನಿಗೂ ಹೀಗೇ ಆಗುತ್ತಿರಬೇಕು, ದಿಗ್ಗೇವಾಡಿಯಿಂದ ಚಿಕ್ಕೋಡಿಯ ಈ ಆಸ್ಪತ್ರೆಗೆ ಬಂದ ದಿನವೇ ಹೇಳಿದ್ದಳಲ್ಲ, ಎಮ್ಮಿ ಹಿಂಡಾಕ ಕುಂತ್ರ ಮೊಲಿ ಹಿಡದದ್ದು ಗೊತ್ತಾಗೂದಿಲ್ರಿ ಬಾಯಾರ, ಈ ಕೈ ನಂದಲ್ಲ ಅನಸ್ತೈತಿ — ಡಾಕ್ಟರ್ ರೂಪಾಲಿ ಸ್ಕ್ಯಾನ್ ನೋಡಿದ್ದಳು, ಕುತ್ತಿಗೆಯ ಐದನೇ ಮೂಳೆಯ ಹಿಂದೆ ಬೆನ್ನುಹುರಿ ಒತ್ತಿಕೊಂಡಿತ್ತು, ಗಂಟಲ ಕಡೆಯಿಂದ, ಮುಂದಿನಿಂದ ಹೋಗಿ ಆ ಮೂಳೆಯನ್ನು ಕೊರೆದು ತೆಗೆದರೆ ಮುಗಿಯಿತು ಎಂದು ನಿಂತ ಕಾಲಲ್ಲೇ ಬರೆದುಬಿಟ್ಟಿದ್ದಳು, ಇಂಥವು ಎಷ್ಟೋ ಮಾಡಿದ ಕೈ ಎಂಬ ಧೈರ್ಯ, ರಕ್ತನಾಳದ ಸ್ಕ್ಯಾನ್ ಬೇರೆ ಯಾಕೆ, ಮುದುಕಿಗೆ ಮತ್ತೊಂದು ಸೂಜಿ ಯಾಕೆ, ಸ್ಕ್ಯಾನ್ ತೆಗೆಯುವ ಮಾಯಾಳೇ ತಡೆದು ಕೇಳಿದ್ದು, ಮೇಡಂ, ಮೂಳಿ ಎಡಗಡೆ ತೂತು ಭಾಳ ದೊಡ್ಡದ ಕಾಣತೈತ್ರಿ, ನಾಳದ್ದೂ ತಗೀಲೇನ್ರಿ? ತೆಗೆದಳು. ಮಿದುಳಿಗೆ ಹೋಗುವ ಆ ನಾಳ ಮೂಳೆಗಳ ಬದಿಯ ತೂತುಗಳಲ್ಲಿ ನೆಟ್ಟಗೆ ಏರಬೇಕು, ಪುಸ್ತಕದಲ್ಲಿ ಹಾಗಿದೆ, ಬಹಳ ಜನರಲ್ಲಿ ಹಾಗೇ ಇರುತ್ತದೆ, ಕೆಂಚವ್ವನದು ಮಾತ್ರ ಐದನೇ ಮೂಳೆಯ ಹತ್ತಿರ ನಡುವಿಗೆ ಬಾಗಿ, ಮೂಳೆಯನ್ನೇ ಸವೆಸಿ, ಯಂತ್ರ ಕೊರೆಯಬೇಕಾದ ಜಾಗದಲ್ಲೇ ಹೊರಳಿ ನಿಂತಿತ್ತು, ಬಲಗಡೆಯದು ನೂಲಿನಷ್ಟು ಸಣ್ಣ, ಅಂದರೆ ಎಡಗಡೆಯದು ಹರಿದರೆ — ರೂಪಾಲಿ ಕಲಿಯುವ ಕಾಲದಲ್ಲಿ ಒಮ್ಮೆ ನೋಡಿದ್ದಳು, ಗುರುಗಳ ಕನ್ನಡಕಕ್ಕೆ ರಕ್ತ ಚಿಮ್ಮಿತ್ತು, ಬಟ್ಟೆ ಒತ್ತಿ ಹಿಡಿದ ನಾಲ್ಕು ಕೈ ಅಷ್ಟೇ.

ನಲ್ಲಿ ನಿಲ್ಲಿಸಿ, ಕೈ ಎತ್ತಿಕೊಂಡು ಒಳಗೆ ನಡೆದಳು, ಹೊರಗೆ ಬೆಂಚಿನ ಮೇಲೆ ನಾಮದೇವ ಕೂತಿರುತ್ತಾನೆ, ಕೆಂಚವ್ವನ ಮಗ, ನಿನ್ನೆ ಮುಖಕ್ಕೇ ಕೇಳಿದ, ಮೊನ್ನೆ ಮುಂದಿನಿಂದ ಅಂದ್ರಿ, ಇವತ್ತ ಹಿಂದಿನಿಂದ ಅಂತೀರಿ, ನಿಮಗರ ಖಾತ್ರಿ ಐತೇನ್ರಿ ಮೇಡಂ? ಮೊನ್ನೆ ನಾ ಪೂರ್ತಿ ನೋಡಿರಲಿಲ್ರಿ, ತಪ್ಪು ನಂದ, ಇವತ್ತ ನೋಡೇನಿ — ಹೇಳುವಾಗ ಕಿವಿ ಬಿಸಿಯಾಗಿತ್ತು, ತಾಯಿಯನ್ನು ಎಬ್ಬಿಸಿಕೊಂಡು ಬೇರೆ ಊರಿಗೆ ಹೊರಟೇಬಿಡುತ್ತಾನೆ ಅಂದುಕೊಂಡಳು, ಕೆಂಚವ್ವನೇ ನಕ್ಕಳು, ನನ್ನ ನರಾನೂ ನನ್ನ ಗಂಡನಂಗ ಅಡ್ಡದಾರಿ ಹಿಡದೈತಿ ಅನ್ರಿ, ಹಿಂದಿಂದರ ಹೋಗ್ರಿ, ಮುಂದಿಂದರ ಹೋಗ್ರಿ, ಎಮ್ಮಿ ಹಿಂಡೂವಂಗ ಮಾಡ್ರಿ ಬಾಯಾರ. ಹಾಗೆಂದು ಮಾತು ಕೊಡಲಾಗದು, ಕೈ ತಿರುಗಿ ಬರಲು ತಿಂಗಳುಗಟ್ಟಲೆ ಬೇಕು, ಒಂದೆರಡು ಬೆರಳು ಬಾರದೆಯೂ ಹೋಗಬಹುದು, ಅದನ್ನೂ ಹೇಳಿದ್ದಾಗಿದೆ. ಈಗ ಕೆಂಚವ್ವ ಬೋರಲು ಮಲಗಿದ್ದಾಳೆ, ಹಸಿರು ಬಟ್ಟೆಯ ನಡುವೆ ಅಂಗೈಯಗಲದ ಕುತ್ತಿಗೆ, ಚರ್ಮ, ಸ್ನಾಯು, ಬಿಳಿ ಮೂಳೆ, ಯಂತ್ರದ ಸಣ್ಣ ಕಿರ್ ಸದ್ದು, ಒಂದು ಬದಿಗೆ ಗೀರು ಹಾಕಿ ಇನ್ನೊಂದು ಬದಿ ಬಿಡಿಸಿ ಕದ ತೆರೆದ ಹಾಗೆ ಮೂಳೆಯ ಚಾವಣಿ ಎತ್ತಬೇಕು, ಅವಸರವಿಲ್ಲ, ಕೆಳಗೆ, ತಾನು ಮುಟ್ಟದ ಕಡೆ, ಆ ನಾಳ ತನ್ನ ತಿರುವಿನಲ್ಲಿ ಹರಿಯುತ್ತಿದೆ, ಹರಿಯಲಿ, ಬಿಪಿ ಹೆಂಗೈತಿ ಸಂಗ್ರಾಮ, ಅರಿವಳಿಕೆಯ ಡಾಕ್ಟರ್ ತಲೆ ಎತ್ತದೆ ಸರಿ ಐತ್ರಿ ಮೇಡಂ ಅನ್ನುತ್ತಾನೆ, ಚಾವಣಿ ಎತ್ತಿದಳು. ಬೆನ್ನುಹುರಿಯ ಪೊರೆ ಚಪ್ಪಟೆ, ಬೂದುಬಿಳಿ, ಅಲುಗದೆ ಬಿದ್ದಿದೆ, ಒತ್ತಡ ಬಿಟ್ಟಿದ್ದರೆ ಅದು ಮಿಡಿಯಬೇಕು, ಕಾದಳು, ಏನೂ ಇಲ್ಲ, ನಾಮದೇವನಿಗೆ ಹೇಳಬೇಕು, ಏನು ಹೇಳುವುದು, ತಡಮಾಡಿದೆವು ಅನ್ನುವುದೇ — ಪೊರೆ ಮೆಲ್ಲಗೆ ಉಬ್ಬಿತು, ಇಳಿಯಿತು, ಕೆಂಚವ್ವನ ಎದೆಬಡಿತದ ಲಯಕ್ಕೇ ಮತ್ತೆ ಉಬ್ಬಿತು, ಇಳಿಯಿತು, ನಾಮದೇವನಿಗೆ — ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.