ಮಾಂತ್ರಿಕನಿಗೆ ಕೊಟ್ಟ ಹೆಜ್ಜೆ

ಸದ್ದುಗಾರ ಎರಡೇ ಎರಡು ಸೌಟು ಹಿಡಿದು ಹತ್ತು ಸಾವಿರ ಸೈನಿಕರನ್ನು ಕೊಂದವನು. ಬೇಕಿದ್ದರೆ ಐನೂರು ಕಡಿಮೆ ಮಾಡಿಕೊಳ್ಳಿ, ಅದಕ್ಕಿಂತ ಹೆಚ್ಚು ಚೌಕಾಸಿ ಬೇಡ. ಕತ್ತಿ, ಮಂತ್ರ, ರಾಕ್ಷಸರ ಸಿನಿಮಾಗಳಲ್ಲಿ ವೀರ ಒರೆಯಿಂದ ಖಡ್ಗ ಹಿರಿದಾಗ ನಿಮ್ಮ ಬೆನ್ನಿನಲ್ಲಿ ತಣ್ಣಗೆ ಹರಿಯುತ್ತದಲ್ಲ ಒಂದು 'ಝಣ್', ಅದು ಖಡ್ಗದ್ದಲ್ಲ, ಇವನ ಅಡುಗೆಮನೆಯ ಸೌಟಿನದು. ಚರ್ಮದ ಒರೆಯಿಂದ ಎಳೆದ ನಿಜವಾದ ಕತ್ತಿ ಹಳೇ ಚಡ್ಡಿ ಕಳಚಿದಷ್ಟೂ ಸದ್ದು ಮಾಡುವುದಿಲ್ಲ. ಹಾರುವ ಘಟಸರ್ಪದ ರೆಕ್ಕೆ ಎಂದರೆ ಹರಿದ ಕೊಡೆ. ಮುರಿಯುವ ಎಲುಬು ಎಂದರೆ ಕ್ಯಾರೆಟ್. ಇವನು ಒಮ್ಮೆ ಮುರಿದ ಕ್ಯಾರೆಟ್ಟಿನ ಸದ್ದು ಕೇಳಿ, ಚಿತ್ರಮಂದಿರದಲ್ಲಿ ಕುಳಿತಿದ್ದ ಮೂಳೆ ಡಾಕ್ಟರೊಬ್ಬರು ಎದ್ದು ನಿಂತು, "ತೊಡೆ! ಎರಡು ಕಡೆ!" ಎಂದು ಕೂಗಿದ್ದರು.

ಇಂಥವನ ಕಿವಿಯನ್ನೂ ನಾಚಿಸುವ ಕಿವಿ ಭೂಮಿಯ ಮೇಲೆ ಒಂದೇ ಜೊತೆ ಇತ್ತು. ಅದು ಅವನ ಅಮ್ಮನದು.

ಅಮ್ಮನಿಗೆ ಕಣ್ಣು ಹೋಗಿ ಹದಿನೈದು ವರ್ಷ. ಮನೆ ಮೂರನೇ ಮಹಡಿಯಲ್ಲಿ. ಹತ್ತಲು ಕಿರುಗುಟ್ಟುವ ಮರದ ಮೆಟ್ಟಿಲು. ಯಾರಾದರೂ ಹತ್ತಿ ಬಂದರೆ ಅಮ್ಮ ಕುರ್ಚಿಯಲ್ಲಿ ಕುಳಿತೇ ತೀರ್ಪು ಕೊಡುತ್ತಿದ್ದಳು. "ಪಕ್ಕದ್ಮನೆಯವಳು. ಹೊಸಾ ಚಪ್ಪಲಿ, ಕಚ್ತಾ ಇದೆ. ಬಲಗೈಲಿ ಆಲೂಗಡ್ಡೆ ಚೀಲ." ಒಂದು ಸಲವೂ ತಪ್ಪಿದ್ದಿಲ್ಲ. ಮಗನದಂತೂ ಸಾವಿರದಲ್ಲಿ ಒಂದು ನಡಿಗೆ. ಆರು ವರ್ಷದವನಿದ್ದಾಗ ಗೋಡೆ ಹಾರಿ ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಟಕ್, ಸರ್ರ್. ಟಕ್, ಸರ್ರ್. ಅದು ಕೇಳಿದರೆ ಸಾಕು, ಅವನು ಮೇಲೆ ಮುಟ್ಟುವ ಮೊದಲೇ ಅಮ್ಮ ಒಳಗಿನ ಚಿಲಕ ತೆಗೆದಿರುತ್ತಿದ್ದಳು. ಬೇರೆ ಯಾರಿಗೂ ಆ ಚಿಲಕ ತಾನಾಗಿ ತೆರೆಯುತ್ತಿರಲಿಲ್ಲ. ಒಮ್ಮೆ ಯಾರೋ ಮಗನ ದನಿಯಲ್ಲೇ ಕರೆದು ಒಳಗೆ ನುಗ್ಗಿ ಮನೆ ದೋಚಿದ ಮೇಲೆ, ದನಿಯನ್ನು ನಂಬುವುದನ್ನೇ ಬಿಟ್ಟಿದ್ದಳು.

ಆ ತಿಂಗಳು ಅವನ ಕೈಗೆ ಒಂದು ಹಳೇ ಸಿನಿಮಾ ಬಂದಿತ್ತು. ಚಿತ್ರ ಉಳಿದಿತ್ತು, ಸದ್ದಿನ ಪಟ್ಟಿ ಕೊಳೆತು ಹೋಗಿತ್ತು. ಮೊದಲಿಂದ ಕೊನೆಯವರೆಗೆ ಎಲ್ಲ ಸದ್ದನ್ನೂ ಹೊಸದಾಗಿ ಹುಟ್ಟಿಸಬೇಕು. ನೋಡಲೇಬೇಕಾದ ಸಿನಿಮಾ ಅದು. ಮೂರು ತಲೆಯ ತೋಳ, ಒಂದೇ ಸೇತುವೆಯ ಮೇಲೆ ಇಡೀ ಸೈನ್ಯವನ್ನು ತಡೆಯುವ ಹೆಣ್ಣು, ಮತ್ತು ಆ ಮಾಂತ್ರಿಕ. ಅವನ ಮೈಯಲ್ಲಿ ಅವನದೇ ಅಂತ ಒಂದು ಕೂದಲೂ ಇಲ್ಲ. ಕಣ್ಣು ಬೇಟೆಗಾರನದು, ಹಲ್ಲು ರಾಜನದು, ಎಡಗಾಲು ಒಬ್ಬ ಕುಂಟ ಕತ್ತಿವೀರನದು. ತಿಳಿದೋ ತಿಳಿಯದೆಯೋ ಯಾರು ಏನು ಕೊಟ್ಟರೂ ಅದು ಅವನ ಪಾಲು, ಕೊಟ್ಟವರಿಗೆ ಮತ್ತೆ ಇಲ್ಲ. ಇನ್ನೂ ಸಿಗದೇ ಇದ್ದದ್ದು ಕಿವಿ ಒಂದೇ. ಕೊನೆಯ ದೃಶ್ಯದಲ್ಲಿ ಅವನು ಕೋಟೆಯ ಮೆಟ್ಟಿಲಿಳಿದು ಹೊರಡುವುದು ಕಿವಿ ಹುಡುಕಿಕೊಂಡೇ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಸದ್ದುಗಾರನಿಗೆ ಕೆಲಸ ಕಲಿಸಿದ ಮೇಷ್ಟ್ರು ಒಂದೇ ಒಂದು ಕಟ್ಟಳೆ ಹೇಳಿದ್ದರು. "ನಿನ್ನ ಸ್ವಂತ ಚಪ್ಪಲಿ ಬಾಗಿಲಾಚೆ ಬಿಟ್ಟು ಬಾ. ಪಾತ್ರಕ್ಕೆ ಕಪಾಟಿನ ಜೋಡು ಹಾಕು, ಹೊಸಾ ನಡಿಗೆ ಕಟ್ಟು. ನಿನ್ನ ನಡಿಗೆ ಮಾತ್ರ ಯಾರಿಗೂ ಕೊಡಬೇಡ ಕಣೋ." ಯಾಕೆ ಎಂದು ಕೇಳಿದ್ದಕ್ಕೆ ಮೇಷ್ಟ್ರು ಕೆಮ್ಮಿ, ಕಪಾಟಿನ ಕಡೆ ತಿರುಗಿ ಜೋಡು ಒರೆಸತೊಡಗಿದ್ದರು. ಇಪ್ಪತ್ತು ವರ್ಷ ಅವನು ಆ ಮಾತು ಮೀರಿರಲಿಲ್ಲ.

ಕೊನೆಯ ದೃಶ್ಯಕ್ಕೆ ಬಂದಾಗ, ಸ್ಟುಡಿಯೋದ ಗಾಜಿನಾಚೆ ಸದ್ದು ಹಿಡಿಯುವ ಯಂತ್ರದ ಮುಂದಿದ್ದ ಎಡಿಟರಮ್ಮ ಕೇಳಿದಳು. "ಮಾಂತ್ರಿಕ ಎಡಗಾಲು ಎಳೀತಾನೆ ಸಾರ್. ಯಾವ ಜೋಡು? ಸ್ವಲ್ಪ ರಿಹರ್ಸಲ್ ಮಾಡ್ಕೊಳ್ತೀರಾ?"

"ಕುಂಟೋದಕ್ಕೆ ನನಗೆ ರಿಹರ್ಸಲ್ಲಾ? ನಲವತ್ತು ವರ್ಷದಿಂದ ಅದೇ ಮಾಡ್ತಿದೀನಿ ತಾಯಿ! ಲೋಕದಲ್ಲಿ ನನ್ನಷ್ಟು ಚೆನ್ನಾಗಿ ಕುಂಟೋನು ಇನ್ನೊಬ್ಬ ಇದ್ದರೆ ತೋರಿಸಿ."

ಹೊರಗೆ ಹೋಗಿ ತನ್ನ ಸ್ವಂತ ಚಪ್ಪಲಿ ಮೆಟ್ಟಿಕೊಂಡೇ ಬಂದ. ಕಲ್ಲುಹಾಸಿನ ಮೇಲೆ ನಡೆದ. ಟಕ್, ಸರ್ರ್. ಒಂದೇ ಸಲಕ್ಕೆ ಓಕೆ. ತೆರೆಯ ಮೇಲೆ ಮಾಂತ್ರಿಕ ಕೊನೆಯ ಮೆಟ್ಟಿಲಲ್ಲಿ ನಿಂತು, ತನ್ನ ಎಡಗಾಲನ್ನು ಬಗ್ಗಿ ನೋಡಿಕೊಂಡು, ಮೆಲ್ಲಗೆ ನಕ್ಕ. ಈ ದೃಶ್ಯವನ್ನು ಸದ್ದುಗಾರ ಅದುವರೆಗೆ ಮೂವತ್ತು ಸಲ ನೋಡಿದ್ದ. ಮಾಂತ್ರಿಕ ನಕ್ಕದ್ದು ನೆನಪಿರಲಿಲ್ಲ.

ಸಂಜೆ, ಇನ್ನೂ ಬಿಸಿಲಿರುವಾಗಲೇ, ಮನೆಗೆ ಬಂದು ಮೆಟ್ಟಿಲು ಹತ್ತಿದ. ಐದನೆಯ ಮೆಟ್ಟಿಲು ಬೆಕ್ಕು ಕಾಲಿಟ್ಟರೂ ಕಿರ್ರೆನ್ನುವಂಥದ್ದು. ಅದು ತುಟಿ ಪಿಟಕ್ಕೆನ್ನಲಿಲ್ಲ. ಅವನು ಎರಡು ಸಲ ತುಳಿದ. ಕುಪ್ಪಳಿಸಿದ. ಹತ್ತಿಯ ರಾಶಿಯ ಮೇಲೆ ಕುಪ್ಪಳಿಸಿದಂತಿತ್ತು. ಮೇಲೆ ಬಾಗಿಲು ಮುಚ್ಚಿತ್ತು. ಬಡಿದ.

"ಯಾರು?" ಎಂದಳು ಅಮ್ಮ.

"ನಾನಮ್ಮ."

"ನಾನು ಅಂದ್ರೆ?"

"ನಿನ್ನ ಮಗ ಕಣಮ್ಮ! ತೆಗಿ!"

"ನನ್ನ ಮಗ ಆಗ್ಲೇ ಬಂದಾಯ್ತಪ್ಪ. ಅವನ ದನಿ ಅನುಕರಿಸಿ ಇನ್ನೊಂದು ಸಲ ಏಮಾರಿಸಬಹುದು ಅಂದ್ಕೊಂಡ್ಯಾ? ಹೋಗು, ಹೋಗು."

ಬಾಗಿಲಿಗೆ ಕಿವಿಯಿಟ್ಟ. ಒಳಗೆ ಹಜಾರದುದ್ದಕ್ಕೂ, ನಿಧಾನವಾಗಿ: ಟಕ್, ಸರ್ರ್. ಟಕ್, ಸರ್ರ್.

"ಯಾಕೋ ಪುಟ್ಟ, ಬಂದಾಗಿಂದ ಮಾತೇ ಇಲ್ಲ?" ಎಂದು ಅಮ್ಮ ಒಳಗೆ ಯಾರಿಗೋ ಹೇಳುತ್ತಿದ್ದಳು. "ಸುಸ್ತಾಯ್ತಾ? ಸುಮ್ಮನೆ ನನ್ನ ಕುರ್ಚಿ ಸುತ್ತ ತಿರುಗ್ತಾ ಇದೀಯಲ್ಲ. ಕೂತ್ಕೋ."

ಕಣ್ಣಿಲ್ಲದ ಅಮ್ಮನಿಗೆ ಉಳಿದದ್ದು ಎರಡು ಕಿವಿ. ಮಾಂತ್ರಿಕನಿಗೆ ಬೇಕಾದದ್ದೂ ಅದೇ.

ಅವನು ಸ್ಟುಡಿಯೋಗೆ ಓಡಿದ ಓಟಕ್ಕೆ ಬೀದಿಯ ನಾಯಿಗಳು ಬೊಗಳಲಿಲ್ಲ, ಅವನು ಬಂದದ್ದು ಅವಕ್ಕೆ ಗೊತ್ತೇ ಆಗಲಿಲ್ಲ. ಎಡಿಟರಮ್ಮ ಇನ್ನೂ ಯಂತ್ರದ ಮುಂದಿದ್ದಳು. ಅವನು ಹೆಗಲ ಪಕ್ಕ ನಿಂತು ಮಾತಾಡಿದಾಗ ಕುರ್ಚಿಯಿಂದ ಒಂದು ಮೊಳ ಹಾರಿದಳು.

"ಅಯ್ಯೋ! ದೆವ್ವದ ಹಾಗೆ ಬರ್ತೀರಲ್ಲ ಸಾರ್!"

"ಮಾಂತ್ರಿಕನ ಹೆಜ್ಜೆ ಅಳಿಸಿ. ಬೇರೆ ಹಾಕ್ತೀನಿ."

"ಅಷ್ಟು ಚೆನ್ನಾಗಿರೋದನ್ನಾ? ಯಾಕೆ?"

"ಅಮ್ಮನ ಹತ್ರ ಇದಾನೆ ಅವನು. ಬೇಗ!"

ಕಪಾಟಿನಿಂದ ದಪ್ಪ ಬೂಟು ಎಳೆದು ಹಾಕಿಕೊಂಡು ಕಲ್ಲುಹಾಸಿನ ಮೇಲೆ ಶಕ್ತಿಮೀರಿ ಕುಣಿದ. ಯಂತ್ರದ ಮುಳ್ಳು ಅಲುಗಲಿಲ್ಲ. ಎಡಿಟರಮ್ಮ ಹೆಡ್‌ಫೋನು ತೆಗೆದು, ಬರೀ ಕಿವಿಯಲ್ಲಿ ಕೇಳಿ, ಮತ್ತೆ ಹಾಕಿಕೊಂಡಳು.

"ನಾ... ನಾನು ನಡೀಲಾ ಸಾರ್?"

"ಯಂತ್ರ ಯಾರು ನೋಡ್ತಾರೆ? ನೀವು ಅಲ್ಲೇ ಇರಿ."

ಕಾಲಿನ ಸದ್ದು ಸತ್ತಿದ್ದರೂ ಬಾಗಿಲು ಬಡಿದ ಕೈ ಸದ್ದು ಮಾಡಿತ್ತಲ್ಲ! ಸದ್ದುಗಾರ ಬೂಟು ಕಳಚಿ, ಎರಡಕ್ಕೂ ಕೈ ತೂರಿಸಿ, ಮಂಡಿಯೂರಿ ಕುಳಿತ. ತೆರೆಯ ಮೇಲೆ ಮಾಂತ್ರಿಕ ಇಳಿಯತೊಡಗಿದ. ಸದ್ದುಗಾರ ಕೈಯಲ್ಲೇ ನಡೆದ. ಟಕ್, ಸರ್ರ್. ಮುಳ್ಳು ಜಿಗಿಯಿತು. ಕೊನೆಯ ಮೆಟ್ಟಿಲು ಮುಟ್ಟುತ್ತಲೇ ಎಡಿಟರಮ್ಮ ಹಳೆಯದನ್ನು ಅಳಿಸಿ ಇದನ್ನು ಕೂರಿಸಿದಳು. ಈ ಸಲ ಮಾಂತ್ರಿಕ ಕಾಲು ನೋಡಿಕೊಳ್ಳಲಿಲ್ಲ. ಅಂಗೈ ನೋಡಿಕೊಂಡ.

ಅದನ್ನು ನೋಡಲು ಸದ್ದುಗಾರ ಅಲ್ಲಿರಲಿಲ್ಲ. ಬೀದಿಯ ನಾಯಿಗಳೆಲ್ಲ ಅವನನ್ನು ಬೊಗಳಿ ಬೊಗಳಿ ಅಟ್ಟಿಸಿಕೊಂಡು ಬರುತ್ತಿದ್ದವು. ಹುಟ್ಟಿದಂದಿನಿಂದ ಅಂಥ ಇಂಪಾದ ಸಂಗೀತವನ್ನು ಅವನು ಕೇಳಿರಲಿಲ್ಲ. ಐದನೆಯ ಮೆಟ್ಟಿಲು ಕಿರ್ರೆಂದಿತು. ಟಕ್, ಸರ್ರ್. ಮೇಲೆ ಚಿಲಕ ಸರಿದ ಸದ್ದು ಕೇಳಿತು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಇದು ನೀನು," ಎಂದಳು. "ಹಾಗಾದ್ರೆ ಆಗ ಬಂದೋನು ಯಾರೋ? ನನ್ನ ಕಿವಿ ಹತ್ರ ಬಗ್ಗಿದ್ದ ಕಣೋ. ಉಸಿರು ಬಿಡ್ತಿರಲಿಲ್ಲ. ಆಮೇಲೆ ತಟ್ಟಂತ ಇಲ್ಲವಾದ."

"ಹೋದ ಬಿಡಮ್ಮ. ಯಾರಿಗೂ ಆಗದ ಕೆಲಸ ಮಾಡಿ ಬಂದಿದೀನಿ. ಮೂರು ಲೋಕದ ಮಾಂತ್ರಿಕರಿಗೂ ಸಾಕು ನಿನ್ನ ಮಗ ಒಬ್ಬ."

ಅಮ್ಮ ನಗಲಿಲ್ಲ. ಮೆಟ್ಟಿಲ ಕಡೆ ತಲೆ ವಾಲಿಸಿದಳು.

"ನಿನ್ನ ಹಿಂದೆ ಯಾರು ಬರ್ತಿರೋದು?"

ಅವನು ತಿರುಗಿ ನೋಡಿದ. ಖಾಲಿ ಮೆಟ್ಟಿಲು, ಕಿಟಕಿಯಿಂದ ಬಿದ್ದ ಸಂಜೆ ಬಿಸಿಲು. "ಯಾರೂ ಇಲ್ಲಮ್ಮ."

"ಇದಾರೆ. ದಪ್ಪ ಬೂಟು. ಆದ್ರೆ ಕಾಲಿಗಲ್ಲ ಹಾಕಿರೋದು." ಅಮ್ಮ ಅವನ ತೋಳು ಬಿಗಿಯಾಗಿ ಹಿಡಿದಳು. "ಕೈಯೂರಿಕೊಂಡು ಮೆಟ್ಟಿಲು ಹತ್ತಾ ಇದಾರೆ ಕಣೋ. ಚಿಲಕ ಹಾಕು."

ಕೆಳಗೆ ಐದನೆಯ ಮೆಟ್ಟಿಲು ಕಿರ್ರೆಂದಿತು. ಸದ್ದುಗಾರ ಬಾಗಿಲನ್ನು ಒಮ್ಮೆಲೇ ತಳ್ಳಿ ಮುಚ್ಚಿ, ಕಬ್ಬಿಣದ ಚಿಲಕವನ್ನು ಎರಡೂ ಕೈಯಿಂದ ಬಲವಾಗಿ ಜಡಿದ.

"ಬೇಗ ಹಾಕೋ," ಎಂದಳು ಅಮ್ಮ. "ಯಾಕೋ ಸುಮ್ಮನೆ ನಿಂತೆ? ಚಿಲಕ ಹಾಕಿದ ಸದ್ದೇ ಕೇಳಲಿಲ್ಲವಲ್ಲ."