ಮೂರನೆಯ ಕೂಗು

ನನ್ನ ಕುಕ್ಕರ್ ಒಮ್ಮೆ ಕೂಗಿತೆಂದರೆ ಯಮುನೆಯ ಆಚೆ ದಡದ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ನಿಂತ ರೈಲು, ಗಾರ್ಡ್ ಹಸಿರು ಬಾವುಟ ಎತ್ತುವ ಮೊದಲೇ ಹೊರಟುಬಿಡುತ್ತದೆ. ಹೋದ ಚಳಿಗಾಲದಲ್ಲಿ ಹಾಗೆ ಹೊರಟ ಒಂದು ರೈಲನ್ನು ಫರೀದಾಬಾದಿನಲ್ಲಿ ಹಿಡಿದು ನಿಲ್ಲಿಸಿ, ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ಉಳಿದುಹೋದವರನ್ನೆಲ್ಲ ಆಟೋಗಳಲ್ಲಿ ಸಾಗಿಸಬೇಕಾಯಿತು. ನಂಬುವುದಿಲ್ಲವೇ? ಮಯೂರ್ ವಿಹಾರಿನ ನಮ್ಮ ಬ್ಲಾಕಿನಲ್ಲಿಯೂ ಯಾರೂ ನಂಬಿಲ್ಲ. ಕೆಳಗಿನ ಮನೆಯ ಮಿಸೆಸ್ ಸೇಠಿ ಮಾತ್ರ, "ಹಾಂಜೀ ಲೀಲಾಜೀ, ಆಪ್ ಕೀ ಸೀಟಿ ಸೇ ಹೀ ತೋ ದಿಲ್ಲಿ ಚಲ್ತೀ ಹೈ", ನಿಮ್ಮ ಸೀಟಿಯಿಂದಲೇ ತಾನೇ ದಿಲ್ಲಿ ನಡೆಯುವುದು, ಎಂದು ತಲೆಯಾಡಿಸಿ, ನಗು ಮರೆಸಿಕೊಂಡು ಮೆಟ್ಟಿಲಿಳಿಯುತ್ತಾರೆ.

ಆ ಭಾನುವಾರ ಮಧ್ಯಾಹ್ನವೂ ಕುಕ್ಕರ್ ಒಲೆಯ ಮೇಲಿತ್ತು. ನಾನು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಮೊದಲನೆಯ ಕೂಗಿಗೆ ಕಾಯುತ್ತಿದ್ದೆ.

ಅಕ್ಕ ಸುಶೀಲಾ ಹೋದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ. ನಾವಿಬ್ಬರೂ ಮದುವೆಯಾಗಲಿಲ್ಲ. ನನ್ನನ್ನು ನೋಡಲು ಬಂದ ಗಂಡುಗಳ ಸಾಲು ಇಂಡಿಯಾ ಗೇಟ್ ದಾಟುತ್ತಿತ್ತು, ಅದು ಬೇರೆ ಮಾತು. ಹಡಗು ಖಾತೆಯ ಕಚೇರಿಯಲ್ಲಿ ಕೆಲಸ ನನ್ನದು. ಸಮುದ್ರದ ವಾಸನೆಯೂ ಇಲ್ಲದ ಊರಿನಲ್ಲಿ ಕೂತು ದೇಶದ ಹಡಗುಗಳನ್ನೆಲ್ಲ ನಡೆಸಿದವಳು ನಾನು. ಅಕ್ಕ ಇನ್ನೊಂದು ಖಾತೆಯಲ್ಲಿ ಸ್ಟೆನೋ. ಮನೆಯಲ್ಲಿ ಅಡುಗೆ ಅವಳದು, ಊಟ ನನ್ನದು, ಊಟದ ಮೇಲಿನ ಟೀಕೆಯೂ ನನ್ನದು. ಅಡುಗೆಯಲ್ಲಿ ನನಗೆ ಕೊಟ್ಟಿದ್ದ ಕೆಲಸ ಒಂದೇ. ಅಕ್ಕ ಕುಕ್ಕರ್ ಇಟ್ಟು ಸ್ನಾನಕ್ಕೆ ಹೋದರೆ ನಾನು ಈ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂಗು ಎಣಿಸಬೇಕು, ಮೂರಾದ ಕೂಡಲೇ ಎದ್ದು ಆರಿಸಬೇಕು. ಅದೂ ನನ್ನಿಂದ ಆಗುತ್ತಿರಲಿಲ್ಲ. ಮೂರನೆಯದು ಮುಗಿಯುತ್ತಿದ್ದಂತೆ ಸ್ನಾನದ ಮನೆಯಿಂದ ನೀರಿನ ಸದ್ದನ್ನು ಸೀಳಿಕೊಂಡು ದನಿ ಬರುತ್ತಿತ್ತು: "ಲೀಲೂ, ಆರಿಸೇ! ಎದ್ದೇಳೇ ಸೋಮಾರಿ!"

ಆ ದನಿ ಈಗಲೂ ಬರುತ್ತದೆ. ಇದನ್ನು ನಾನು ಬ್ಲಾಕಿನವರಿಗೆಲ್ಲ ಹೇಳಿದ್ದೇನೆ. ಬೇರೆಯವರ ಮನೆಯ ದೆವ್ವಗಳು ಬಿಳಿ ಸೀರೆ ಉಟ್ಟುಕೊಂಡು ಗೆಜ್ಜೆ ಕಟ್ಟಿಕೊಂಡು ಅಲೆದಾಡುತ್ತವೆ, ಮಾಡುವುದಕ್ಕೆ ಕೆಲಸವಿಲ್ಲದೆ. ನನ್ನ ಅಕ್ಕ ಹಾಗಲ್ಲ. ದಿನವೂ ಮಧ್ಯಾಹ್ನ ಬಂದು ಸಾರಿನ ಉಪ್ಪು ನೋಡಿ, ಒಗ್ಗರಣೆಗೆ ಇಂಗು ಸಾಲದು ಎಂದು ಗೊಣಗಿ, ಮೂರನೆಯ ಕೂಗಿಗೆ ನನ್ನನ್ನು ಬೈದು ಹೋಗುತ್ತಾಳೆ. ಸತ್ತ ಮೇಲೂ ಅವಳಿಗೆ ನನ್ನ ಕೈಯ ಮೇಲೆ ನಂಬಿಕೆ ಬಂದಿಲ್ಲ.

ನಂಬಿಕೆ ಇಲ್ಲದ ಇನ್ನೊಬ್ಬಳು ಇಂಚರಾ, ನಮ್ಮ ತಮ್ಮನ ಮಗಳು. ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಗುರುಗ್ರಾಮದಲ್ಲಿ ಕೆಲಸ, ಅಲ್ಲೇ ಹತ್ತೊಂಬತ್ತನೆಯ ಮಹಡಿಯಲ್ಲಿ ಫ್ಲ್ಯಾಟು. ಅಕ್ಕನ ವೈಕುಂಠ ಸಮಾರಾಧನೆ ಮುಗಿದ ಸಂಜೆಯೇ, "ಅತ್ತೆ, ಚಲೋ, ನನ್ನ ಜೊತೆ ಇರಿ. ನಿಮಗೆ ಅನ್ನ ಇಡೋಕೂ ಬರಲ್ಲ. ಒಬ್ಬರೇ ಏನು ತಿಂತೀರಿ?" ಎಂದು ಹಟ ಹಿಡಿದಳು.

"ಮೊಘಲ್ ಬಾದಶಹರೂ ತಿಂದಿರಲಿಕ್ಕಿಲ್ಲ, ಹಾಗೆ ತಿಂತೀನಿ" ಎಂದೆ.

"ಅಚ್ಛಾ? ಹಾಗಾದ್ರೆ ದಿನಾ ನಿಮ್ಮ ತಟ್ಟೆಯ ಫೋಟೋ ಕಳಿಸಬೇಕು. ಡೀಲ್? ಸುಳ್ಳು ಅಂತ ಗೊತ್ತಾದ ದಿನ ನಾನು ಸೂಟ್‌ಕೇಸ್ ತಗೊಂಡೇ ಬರ್ತೀನಿ, ನಿಮ್ಮ ಬಟ್ಟೆ ತುಂಬೋಕೆ. ಆಮೇಲೆ ನೋ ಆರ್ಗ್ಯುಮೆಂಟ್."

ಒಪ್ಪಿದೆ. ಒಪ್ಪದೆ ಮಾಡುವುದೇನು? ನಾನು ಮಹಡಿ ಹತ್ತಿ ಗುರುಗ್ರಾಮ ಸೇರಿಕೊಂಡರೆ ಅಕ್ಕ ಅಲ್ಲಿಗೆ ಬರುವುದು ಹೇಗೆ? ಬದುಕಿದ್ದಾಗಲೇ ಅವಳಿಗೆ ಲಿಫ್ಟ್ ಎಂದರೆ ಕೈಕಾಲು ನಡುಗುತ್ತಿತ್ತು.

ಅಂದಿನಿಂದ ದಿನವೂ ಫೋಟೋ ಹೋಗತೊಡಗಿತು. ಹುರುಳಿ ಸಾರಿನ ಜೊತೆ ಮುದ್ದೆ, ಎಣ್ಣೆಗಾಯಿ, ಹೀರೇಕಾಯಿ ಸಿಪ್ಪೆಯ ಚಟ್ನಿ, ಚಳಿಗಾಲದಲ್ಲಿ ಮೆಂತ್ಯದ ಸೊಪ್ಪು ಹಾಕಿದ ಅಕ್ಕಿರೊಟ್ಟಿ. ಫೋಟೋದ ಕೆಳಗೆ ಎರಡು ಸಾಲು ಉಪದೇಶವನ್ನೂ ಬರೆಯುತ್ತಿದ್ದೆ. 'ಒಬ್ಬಳಿಗೆ ಅಡುಗೆ ಮಾಡುವುದು ಮದುವೆ ಮನೆಗೆ ಮಾಡುವುದಕ್ಕಿಂತ ಕಷ್ಟ. ಅಲ್ಲಿ ಉಪ್ಪು ಹೆಚ್ಚಾದರೆ ಐನೂರು ಜನ ಹಂಚಿಕೊಳ್ಳುತ್ತಾರೆ, ಇಲ್ಲಿ ಅಷ್ಟನ್ನೂ ಒಬ್ಬಳೇ ತಿನ್ನಬೇಕು.' ಅದಕ್ಕೆ ಇಂಚರಾ, 'ಕ್ಯಾ ಬಾತ್ ಹೈ ಅತ್ತೆ! ನಾನಿಲ್ಲಿ ತಣ್ಣನೆ ಸ್ಯಾಂಡ್‌ವಿಚ್ ತಿಂತಿದೀನಿ' ಎಂದು ಅಳುವ ಮುಖ ಕಳಿಸುತ್ತಿದ್ದಳು. ಗೇಟಿನ ಹತ್ತಿರ ತಳ್ಳುಗಾಡಿಯ ತರಕಾರಿ ಭಯ್ಯಾನ ಮುಂದೆಯೂ ನನ್ನ ಅಡುಗೆಯ ಖ್ಯಾತಿ ಕಡಿಮೆ ಇರಲಿಲ್ಲ. ಒಂದೇ ಒಂದು ಬದನೆಕಾಯಿ ಆರಿಸಿ ಕೊಟ್ಟರೆ, "ಬಸ್ ಇತ್ನಾ ಹೀ, ಆಂಟೀಜೀ?" ಇಷ್ಟೇನಾ ಎನ್ನುತ್ತ ಕೊತ್ತಂಬರಿ ಕಟ್ಟನ್ನು ಪುಕ್ಕಟೆ ಸೇರಿಸುತ್ತಿದ್ದ. ಈ ಒಂದು ಬದನೆಕಾಯಿಯಲ್ಲಿ ಏನೇನು ಮಾಡುತ್ತೇನೆ ಗೊತ್ತೇ ಎಂದು ನಾನು ವಿವರಿಸುವಷ್ಟರಲ್ಲಿ ಹಿಂದಿದ್ದವರು ಬೇರೆ ಗಾಡಿ ಹುಡುಕಿಕೊಂಡು ಹೋಗಿರುತ್ತಿದ್ದರು.

ಕುಕ್ಕರ್ ಮೊದಲ ಸಲ ಕೂಗಿತು. ಅದರ ಉಸಿರು ಇಳಿಯುವ ಮುಂಚೆಯೇ ಬಾಗಿಲ ಗಂಟೆ ಸದ್ದು ಮಾಡಿತು.

ತೆರೆದರೆ ಇಂಚರಾ. ಕಣ್ಣು ಊದಿಕೊಂಡಿತ್ತು. ಪಕ್ಕದಲ್ಲಿ ನೀಲಿ ಸೂಟ್‌ಕೇಸು.

"ಹೇಳದೆ ಕೇಳದೆ ಬಂದೆಯಲ್ಲೇ! ಮೊದಲೇ ಹೇಳಿದ್ರೆ ಹೋಳಿಗೆ ಮಾಡಿಡ್ತಿದ್ದೆ."

ಅವಳು ಚಪ್ಪಲಿಯನ್ನೂ ಬಿಡಲಿಲ್ಲ. ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದಳು. "ನಿನ್ನೆ ನೀವು ಕಳಿಸಿದ ಫೋಟೋ. ಇಲ್ಲಿ ನೋಡಿ, ಕೋನೆ ಮೇ, ಈ ಮೂಲೇಲಿ. ಈ ಕೈ ಯಾರದು?"

ಸ್ಟೀಲ್ ತಟ್ಟೆ, ಅನ್ನ, ಹುಳಿ, ಬೆಂಡೆಕಾಯಿ ಪಲ್ಯ. ತಟ್ಟೆಯ ಅಂಚನ್ನು ನೇರ ಮಾಡುತ್ತಿದ್ದ ಒಂದು ಎಡಗೈ. ಮಣಿಕಟ್ಟಿನ ಮೇಲೆ ಕಂದು ಪಟ್ಟಿ ಮಾತ್ರ ಕಾಣುತ್ತಿತ್ತು, ವಾಚಿನ ಮುಖ ಒಳಗಡೆ ತಿರುಗಿತ್ತು. ಕಳಿಸುವಾಗ ನಾನು ಅದನ್ನು ನೋಡಿಯೇ ಇರಲಿಲ್ಲ.

"ನನ್ನದೇ ಕಣೇ. ಇನ್ಯಾರದು?"

ಇಂಚರಾ ತನ್ನ ಎಡಗೈಯನ್ನು ಫೋನಿನ ಪಕ್ಕಕ್ಕೆ ತಂದಳು. ಅದೇ ಕಂದು ಪಟ್ಟಿ, ಅದೇ ರೀತಿ ಒಳಗೆ ತಿರುಗಿಸಿ ಕಟ್ಟಿದ ಮುಖ. "ಸುಶೀಲತ್ತೆ ವಾಚು. ಹದಿಮೂರನೇ ದಿನ ನೀವೇ ನನ್ನ ಕೈಗೆ ಕಟ್ಟಿದ್ರಿ."

ನಾನೂ ಸೋಲುವವಳಲ್ಲ. "ಹೇಳಿರಲಿಲ್ಲವಾ ನಿನಗೆ, ಅಕ್ಕ ದಿನಾ ಬರ್ತಾಳೆ ಅಂತ? ತಟ್ಟೆ ಸೊಟ್ಟಗಿತ್ತು. ನೇರ ಮಾಡೋಕೆ ಬಂದಿದ್ದಾಳೆ."

ಅವಳು ನಗಲಿಲ್ಲ. "ಅತ್ತೆ, ಮಜಾಕ್ ಬೇಡ. ನಿನ್ನೆಯಿಂದ ನನಗೆ ಊಟ ಇಳಿದಿಲ್ಲ, ಮಾಲೂಮ್ ಹೈ?"

ಕುಕ್ಕರ್ ಎರಡನೆಯ ಸಲ ಕೂಗಿತು. ಅದು ಅಡಗಿದ ಮೇಲೆ ಉಳಿದದ್ದು ನೀರಿನ ಸದ್ದು. ಇಂಚರಾ ಕತ್ತು ತಿರುಗಿಸಿದಳು. ಸ್ನಾನದ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಕೆಳಗಿನ ಸಂದಿಯಿಂದ ಬೆಳಕು ನೆಲದ ಮೇಲೆ ಬಿದ್ದಿತ್ತು. ಒಳಗೆ ಬಕೆಟ್ಟಿಗೆ ನೀರು ಬೀಳುತ್ತಿತ್ತು.

"ಬಾತ್‌ರೂಮಲ್ಲಿ ಯಾರಿದಾರೆ?" ಅವಳ ದನಿ ಪಿಸುಮಾತಾಗಿತ್ತು.

ಜೀವನದಲ್ಲಿ ಮೊದಲ ಸಲ ನನಗೆ ಸುಳ್ಳು ಹೊಳೆಯಲಿಲ್ಲ. ಹುಡುಗಿ ಹೆದರಿದ್ದಳು, ಆದರೂ ಅವಳು ಹೋಗಿ ಬಾಗಿಲನ್ನು ಬೆರಳ ತುದಿಯಿಂದ ತಳ್ಳಿದಳು. ಒಳಗೆ ತುಂಬಿ ಹರಿಯುತ್ತಿದ್ದ ಬಕೆಟ್ಟು. ಮೊಳೆಯಲ್ಲಿ ಅಕ್ಕನ ಕೆಂಪಂಚಿನ ಟವೆಲ್ಲು. ಯಾರೂ ಇರಲಿಲ್ಲ. ಇಂಚರಾ ನಲ್ಲಿ ತಿರುಗಿಸಿ ನಿಲ್ಲಿಸಿದಳು.

ಮೂರನೆಯ ಕೂಗು ಬಂತು, ಹೋಯಿತು. ನಾನು ಕದಲಲಿಲ್ಲ. ನಾಲ್ಕನೆಯದು ಬಂತು.

"ಆರಿಸಲ್ವಾ?"

"ಇರಲಿ, ಸ್ವಲ್ಪ."

"ಅತ್ತೆ!" ಅವಳೇ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಸೌಟಿನ ಹಿಡಿಯಿಂದ ವೇಟನ್ನು ಎತ್ತಿ ಹಬೆ ಬಿಟ್ಟಳು. ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ನಾನು ಎದ್ದು ಹೋಗಿ ಹೊಸ್ತಿಲಲ್ಲಿ ನಿಂತೆ.

"ನೀರು" ಎಂದಳು. "ಬರೀ ನೀರು ಇದೆ ಇದರಲ್ಲಿ."

ಫ್ರಿಜ್ ತೆರೆದಳು. ಬದನೆಕಾಯಿಗಳು ಸಾಲಾಗಿ ಕೂತಿದ್ದವು, ಒಂದಕ್ಕಿಂತ ಒಂದು ಸುಕ್ಕುಗಟ್ಟಿ. ಕೊತ್ತಂಬರಿ ಕಪ್ಪು ರಸ ಬಿಟ್ಟಿತ್ತು. ಬ್ರೆಡ್ಡು, ಹಾಲಿನ ಪ್ಯಾಕೆಟ್ಟು, ಮಿಸೆಸ್ ಸೇಠಿ ಕೊಟ್ಟಿದ್ದ ಪರಾಠದ ಅರ್ಧ. ಮೇಲೆ ನೋಡಿದಳು. ಚಾವಣಿಯಲ್ಲಿ ತಟ್ಟೆಯಗಲದ ಕಂದು ಕಲೆ. ಅದನ್ನು ಅವಳಿಗೆ ಒಗ್ಗರಣೆಯ ಜ್ವಾಲೆ ಎಂದು ಹೇಳಿದ್ದೆ, ಪಂಚತಾರಾ ಹೋಟೆಲಿನ ಬಾಣಸಿಗರು ಕೂಡ ಅಷ್ಟೆತ್ತರ ಎಬ್ಬಿಸಲಾರರು ಎಂದು.

"ಅದು?"

"ಸೇಫ್ಟಿ ವಾಲ್ವ್ ಹಾರಿತ್ತು. ನೀರು ಆರಿಹೋಗಿತ್ತು."

"ಫೋಟೋ?"

"ಅಕ್ಕನ ಫೋನಲ್ಲಿ ಇವೆ. ಊಟಕ್ಕೆ ಮುಂಚೆ ತಟ್ಟೆ ಫೋಟೋ ತೆಗೀತಿದ್ದಳು ಅವಳು. ಯಾರಿಗೂ ಕಳಿಸ್ತಿರಲಿಲ್ಲ. 'ತಿಂದ ಮೇಲೆ ಹೋಗಿಬಿಡುತ್ತಲ್ಲ ಲೀಲೂ, ಇರಲಿ ಅಂತ' ಅನ್ನೋಳು."

ಇಂಚರಾ ಅಡುಗೆಕಟ್ಟೆಗೆ ಒರಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. "ಆದ್ರೆ ನೀರು ಯಾಕೆ ಅತ್ತೆ? ಫೋಟೋಗೆ ಸದ್ದು ಬೇಡವಲ್ಲ. ಮಿಸೆಸ್ ಸೇಠಿಗೆ ಕೇಳಿಸಲಿ ಅಂತಾನಾ?"

"ಅವರಿಗೆ ಕಿವಿ ಮಂದ. ನಲ್ಲಿ ಬಿಟ್ಟು, ಕುಕ್ಕರ್ ಇಟ್ಟು, ಆ ಕುರ್ಚಿಯಲ್ಲಿ ಕೂತರೆ ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಅನ್ನಿಸುತ್ತೆ. ಮೂರನೇ ಕೂಗಿಗೆ ಕರೀತಾಳೆ. ಅದಕ್ಕೆ." ಸೂಟ್‌ಕೇಸಿನ ಕಡೆ ನೋಡದೆ ಸೇರಿಸಿದೆ: "ಇಲ್ಲಿ ಮಾತ್ರ ಕರೀತಾಳೆ. ನಿನ್ನ ಮನೆಯಲ್ಲಿ ಕರೆಯಲ್ಲ."

ಅವಳು ಕೆನ್ನೆ ಒರೆಸಿಕೊಂಡಳು. ವಾಚನ್ನು ಮಣಿಕಟ್ಟಿನ ಮೇಲೆ ಒಂದು ಸುತ್ತು ತಿರುಗಿಸಿದಳು. ಆಮೇಲೆ ನಾನು ಎಣಿಸಿರದ ಮಾತು ಹೇಳಿದಳು.

"ನನಗೂ ಕೇಳಿಸಲಿ. ಕೇಳಿಸಿದ್ರೆ ಸೂಟ್‌ಕೇಸ್ ಖಾಲಿ ವಾಪಸ್ ತಗೊಂಡು ಹೋಗ್ತೀನಿ. ಪಕ್ಕಾ. ಆದ್ರೆ ಬರೀ ನೀರು ಇಡೋದು ಬೇಡ. ಅಕ್ಕಿ ಎಲ್ಲಿ?"

ಡಬ್ಬಿಯ ತಳದಲ್ಲಿ ಎರಡು ಮುಷ್ಟಿ ಅಕ್ಕಿ ಇತ್ತು, ಅಕ್ಕ ತಂದಿಟ್ಟಿದ್ದು. ಇಂಚರಾ ಹುಳ ಆರಿಸಿ, ತೊಳೆದು, ಕುಕ್ಕರಿಗೆ ಸುರಿದಳು. "ನೀರು ಎಷ್ಟು?" ಎಂದು ಕೇಳಿದಳು. ಹಡಗು ನಡೆಸಿದವಳಿಗೆ ಗೊತ್ತಿರಲಿಲ್ಲ. ಅಕ್ಕ ಅಕ್ಕಿಯ ಮೇಲೆ ಬೆರಳು ಇಟ್ಟು ಮೊದಲ ಗೆಣ್ಣಿನವರೆಗೆ ನೀರು ಹಾಕುವುದನ್ನು ನೋಡಿದ್ದೆ. ನಾನು ಬೆರಳು ಇಟ್ಟೆ. ಅವಳು ಹುಯ್ದಳು. ತಣ್ಣನೆಯ ನೀರು ಏರಿ ಗೆಣ್ಣು ಮುಟ್ಟಿತು.

ಒಲೆ ಹಚ್ಚಿ, ಅವಳೇ ಹೋಗಿ ಬಕೆಟ್ ಬರಿದು ಮಾಡಿ ನಲ್ಲಿ ಬಿಟ್ಟು, ದೀಪ ಹಾಗೇ ಇರಿಸಿ, ಬಾಗಿಲು ಮುಂದಕ್ಕೆ ಎಳೆದು ಬಂದಳು. ನಾನು ಬೆತ್ತದ ಕುರ್ಚಿಯಲ್ಲಿ ಕೂತೆ. ಅವಳು ನೆಲದ ಮೇಲೆ ನನ್ನ ಕಾಲ ಬಳಿ ಕೂತಳು, ಚಿಕ್ಕವಳಿದ್ದಾಗ ಅಕ್ಕನ ಹತ್ತಿರ ಜಡೆ ಹಾಕಿಸಿಕೊಳ್ಳಲು ಕೂರುತ್ತಿದ್ದ ಹಾಗೆ. ಅನ್ನ ಬೇಯುವ ವಾಸನೆ ಬಂತು. ಆ ವಾಸನೆ ಈ ಕೋಣೆಗೆ ಬಂದು ಎಷ್ಟು ಕಾಲವಾಗಿತ್ತೋ.

ಒಂದು ಕೂಗು. ಬಾಲ್ಕನಿಯ ಪಾರಿವಾಳಗಳು ಎದ್ದು ಮತ್ತೆ ಕೂತವು. ಎರಡು. ಇಂಚರಾ ನನ್ನ ಸೀರೆಯ ನೆರಿಗೆಯನ್ನು ಹಿಡಿದುಕೊಂಡಿದ್ದಳು.

ಮೂರು.

ಇಬ್ಬರೂ ಸ್ನಾನದ ಮನೆಯ ಬಾಗಿಲಿನ ಕೆಳಗಿನ ಬೆಳಕನ್ನೇ ನೋಡುತ್ತಿದ್ದೆವು. ನೀರು ಬೀಳುತ್ತಿತ್ತು. ಬಕೆಟ್ ತುಂಬುತ್ತ ಬಂದಂತೆ ಅದರ ಸದ್ದು ಮೊಂಡಾಗುತ್ತಿತ್ತು.

ಇಂಚರಾ ತಲೆಯೆತ್ತಿ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ. "ಹೂಂ ಅತ್ತೆ" ಎಂದಳು. "ಏನೋ... ಕೇಳಿಸಿತು. ಸುಶೀಲತ್ತೆ ಥರಾನೇ. ಸಚ್."

ನಾನು ತಲೆಯಾಡಿಸಿದ್ದರೆ ಸಾಕಿತ್ತು. ಸೂಟ್‌ಕೇಸು ಖಾಲಿಯಾಗಿಯೇ ಗುರುಗ್ರಾಮಕ್ಕೆ ಹೋಗುತ್ತಿತ್ತು, ನಾನು ಈ ಕುರ್ಚಿಯಲ್ಲಿಯೇ ಇರುತ್ತಿದ್ದೆ. ಆದರೆ ಆ ಹುಡುಗಿಗೆ ಸುಳ್ಳು ಹೇಳುವುದು ಬರುವುದಿಲ್ಲ. ಕಿವಿಯ ತುದಿ ಕೆಂಪಾಗಿತ್ತು.

"ಇಲ್ಲ ಕಣೇ" ಎಂದೆ. "ಏನೂ ಕೇಳಿಸಲಿಲ್ಲ. ನನಗೂ ಕೇಳಿಸಿಲ್ಲ. ಅವಳು ಹೋದ ಮೇಲೆ ಒಂದು ದಿನವೂ ಕರೆದಿಲ್ಲ. ಆ ವಾಲ್ವ್ ಹಾರಿದ ದಿನ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಾದೆ. ಅವತ್ತೂ ಕರೆಯಲಿಲ್ಲ."

ಅಡುಗೆಮನೆಯಲ್ಲಿ ವೇಟು ಅಲುಗತೊಡಗಿತು. ನಾಲ್ಕನೆಯದು ಹೊರಡುವುದರಲ್ಲಿತ್ತು. ನಾನು ಎದ್ದು ಹೋಗಿ ಒಲೆ ಆರಿಸಿದೆ. ಮುಂದಿನ ಕೋಣೆಯಲ್ಲಿ ಇಂಚರಾ ಎದ್ದ ಸದ್ದಾಯಿತು, ನಲ್ಲಿ ನಿಂತಿತು, ದೀಪದ ಸ್ವಿಚ್ಚು ಟಕ್ಕೆಂದಿತು. ಕುಕ್ಕರಿನೊಳಗೆ ಅನ್ನ ಇನ್ನೂ ಮೆಲ್ಲಗೆ ಕೊತಗುಟ್ಟುತ್ತಿತ್ತು. ಸ್ಟ್ಯಾಂಡಿನಿಂದ ಎರಡು ತಟ್ಟೆ ತೆಗೆದು, ಸೆರಗಿನಿಂದ ಧೂಳು ಒರೆಸಿ, ಕಟ್ಟೆಯ ಮೇಲಿಟ್ಟೆ. ಒಂದು ಸ್ವಲ್ಪ ಸೊಟ್ಟಗಿತ್ತು. ಎಡಗೈಯಿಂದ ಅದರ ಅಂಚು ಹಿಡಿದು ನೇರ ಮಾಡಿದೆ.